‘ಏನಾದ್ರೂ ಬೇಕಿದ್ರೆ ಹೇಳಿ’ ಅಂದರೆ ಸಾಲದು

ದಾವಣಗೆರೆಯಲ್ಲಿ ಮನೆಮನೆಗೆ ಹೋಗಿ ವಯಸ್ಸಾದವರ ಆರೈಕೆ ಮಾಡುವ ನರ್ಸ್ ನಾನು. ಡಿಮೆನ್ಶಿಯಾ, ಅಂದರೆ ಮರೆವು, ಗೊಂದಲ ಹೆಚ್ಚುತ್ತಾ ಹೋಗುವ ಮಿದುಳಿನ ಕಾಯಿಲೆ ಇರುವವರ ಮನೆಗೆ ಹೋದರೆ ಬಿಪಿ ನೋಡುವ ಮೊದಲು ಒಂದು ಕೆಲಸ ಮಾಡುತ್ತೇನೆ. ಅವರನ್ನು ನೋಡಿಕೊಳ್ಳುವವರನ್ನು ಪಕ್ಕಕ್ಕೆ ಕರೆದು, "ರಾತ್ರಿ ನಿದ್ದೆ ಆಯ್ತಾ?" ಅಂತ ಕೇಳುತ್ತೇನೆ. ಹೆಚ್ಚಾಗಿ ಅದು ಸೊಸೆ, ಇಲ್ಲಾ ಹೆಂಡತಿ. ಕೆಲವರಿಗೆ ಉತ್ತರಕ್ಕಿಂತ ಮೊದಲು ಅಳು ಬರುತ್ತದೆ.

ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನಕ್ಕೆ ಈ ಕಾಯಿಲೆ ಇದೆ ಅಂತ 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಆದರೂ ಬೀದಿಯಲ್ಲಿ ಕೇಳಿದರೆ "ವಯಸ್ಸಾಯ್ತು, ಅರಳು ಮರಳು" ಅಂತ ಮುಗಿಸಿಬಿಡುತ್ತಾರೆ.

ನಮ್ಮ ಜನ ಒಳ್ಳೆಯವರೇ. ಬಂದವರೆಲ್ಲ "ಏನಾದ್ರೂ ಬೇಕಿದ್ರೆ ಹೇಳಿ" ಅಂತಾರೆ. ಆದರೆ ಹಾಗೆ ಅಂದವರಿಗೆ ಫೋನ್ ಮಾಡುವವರು ಯಾರು? ಯಾವ ವಾರ, ಎಷ್ಟು ಹೊತ್ತಿಗೆ, ಏನು ಮಾಡಬೇಕು ಅಂತ ಬಿಡಿಸಿ ಕೇಳಿದರೆ ಮಾತ್ರ ಸಹಾಯ ಮನೆಯೊಳಗೆ ಬರುತ್ತದೆ. ಈ ಕೆಲಸ ನನಗೆ ಕಲಿಸಿದ್ದು ಇದನ್ನೇ.

ಹಳೇ ಊರಿನ ಒಂದು ಮನೆ. ಅಜ್ಜಾರು ಹತ್ತಿ ಮಿಲ್ಲಿನಲ್ಲಿ ದುಡಿದವರು. ಹೊತ್ತು ಮುಳುಗುತ್ತಿದ್ದಂತೆ ಅಂಗಿ ಹಾಕಿಕೊಂಡು, ಗುಂಡಿಗಳನ್ನು ಮೇಲೆ ಕೆಳಗೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದರು. "ಬುತ್ತಿ ಕಟ್ಟವ್ವ, ಶಿಫ್ಟಿಗೆ ಹೊತ್ತಾತು." ಸೊಸೆ "ಮಿಲ್ಲು ಮುಚ್ಚಿ ಎಷ್ಟು ವರ್ಷ ಆತು ಮಾವ" ಅಂದರೆ ಕೈ ಎತ್ತುವಷ್ಟು ಸಿಟ್ಟು. ಈ ಕಾಯಿಲೆ ಇರುವ ಎಷ್ಟೋ ಜನಕ್ಕೆ ಸಂಜೆ ಹೊತ್ತೇ ಗೊಂದಲ ಜಾಸ್ತಿ. ಸೊಸೆಗೆ ರೊಟ್ಟಿ ಬಡಿಯುವ ಹೊತ್ತೂ ಅದೇ, ಮಕ್ಕಳ ಹೋಂವರ್ಕ್ ಹೊತ್ತೂ ಅದೇ. ಹೊರಗೆ ಮಾತ್ರ ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಮದುವೆಗೆ ಬಂದ ಹುಡುಗಿ ಇದ್ದಾಳೆ, ಜನ ಹುಚ್ಚು ಅಂದುಬಿಟ್ಟರೆ ಅಂತ ಭಯ.

ಆ ಭಯ ಸುಳ್ಳಲ್ಲ, ಆದರೆ ಮುಚ್ಚಿಟ್ಟರೆ ಸೊಸೆಯೇ ಹಾಸಿಗೆ ಹಿಡಿಯುತ್ತಾಳೆ. ಮನೆಯವರು ಒಪ್ಪಿದ ಮೇಲೆ ಮೂವರಿಗಷ್ಟೇ ಹೇಳಿದೆವು. ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರಿಗೆ ಸಂಜೆ 6ರಿಂದ 7. ಅವರು ಬಂದು, "ಬಾ ಅಜ್ಜಾ, ನಾನೂ ಆ ಕಡೆನೇ ಹೊಂಟೀನಿ" ಅಂತ ಕರೆದುಕೊಂಡು ಹೋಗುತ್ತಾರೆ. ಮೂಲೆಯ ಅಂಗಡಿಯಲ್ಲಿ ಮಂಡಕ್ಕಿ, ಚಹಾ. ಅಷ್ಟರಲ್ಲಿ ಶಿಫ್ಟಿನ ಮಾತು ಹೋಗಿರುತ್ತದೆ. ಎದುರಿನ ಕಿರಾಣಿ ಅಂಗಡಿಯವರ ಕೆಲಸ, ಅಜ್ಜಾರು ಒಬ್ಬರೇ ಹೊರಟರೆ ಕೂರಿಸಿಕೊಂಡು ಮನೆಗೆ ಫೋನ್ ಮಾಡುವುದು. ಆಟೋ ಸ್ಟ್ಯಾಂಡಿನವರಿಗೆ, ವಾದ ಮಾಡದೆ ಹತ್ತಿಸಿಕೊಂಡು ಮನೆಗೆ ತಂದು ಬಿಡುವುದು. ಅಜ್ಜಾರ ಅಂಗಿಯ ಜೇಬಿನೊಳಗೆ ಮಗನ ನಂಬರ್ ಹೊಲಿದಿದ್ದೇವೆ.

ಮಾತಾಡುವ ರೀತಿಯನ್ನೂ ಮೂವರಿಗೂ ಹೇಳಿಕೊಟ್ಟೆ. ಎದುರಿಗೆ ಬಂದು ಮಾತಾಡಿಸಿ, ಒಂದು ಸಲಕ್ಕೆ ಒಂದೇ ಮಾತು. ಮುಖ್ಯವಾಗಿ, "ನಾನು ಯಾರು ಹೇಳಿ ನೋಡೋಣ" ಅಂತ ಪರೀಕ್ಷೆ ಮಾಡಬೇಡಿ. ಪ್ರೀತಿಯಿಂದಲೇ ಕೇಳುತ್ತಾರೆ, ಗೊತ್ತು. ಆದರೆ ಉತ್ತರ ಸಿಗದೆ ಆ ಮುಖ ಬಾಡುವುದನ್ನು ಹತ್ತಿರದಿಂದ ನೋಡಿದವರು ಮತ್ತೆ ಕೇಳಲಾರರು. "ನಾನು ಪಕ್ಕದ ಮನೆಯವನು ಅಜ್ಜಾ" ಅಂತ ನೀವೇ ಹೇಳಿಬಿಡಿ.

ಬೀದಿಯವರಿಂದ ಆಗದ್ದೂ ಇದೆ. ಒಂದೆರಡು ದಿನದಲ್ಲೇ ಗೊಂದಲ ದಿಢೀರ್ ಅಂತ ಏರಿದರೆ ಮೂತ್ರದ ಸೋಂಕೋ ಮತ್ತೊಂದೋ ಇರಬಹುದು, ತಡ ಮಾಡದೆ ಡಾಕ್ಟರಿಗೆ ತೋರಿಸಿ. ಮರೆವು ಶುರುವಾದಾಗ ಥೈರಾಯ್ಡ್, ಬಿ12 ರಕ್ತಪರೀಕ್ಷೆ ಮಾಡಿಸಲೇಬೇಕು, ಅವುಗಳ ಕೊರತೆಯಿಂದಲೂ ಮರೆವು ಬರುತ್ತದೆ. ನೋಡಿಕೊಳ್ಳುವವರ ಮನಸ್ಸು ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ಸಹಾಯವಾಣಿ 14567.

ದಸರಾಕ್ಕೆ ಮೇಷ್ಟ್ರು ಮಗಳ ಊರಿಗೆ ಹೋಗುತ್ತಾರೆ. ಆ ದಿನಗಳ ಸಂಜೆಗೆ ಬದಲಿ ಜನ ಬೇಕು. ಕಿರಾಣಿ ಅಂಗಡಿಯವರ ಮಗ ಬರುತ್ತೇನೆ ಅಂದಿದ್ದಾನೆ. ಅಜ್ಜಾರಿಗೆ ಅವನ ಗುರುತು ಹತ್ತಲಿ ಅಂತ ಈ ವಾರದಿಂದಲೇ ಮೇಷ್ಟ್ರ ಜೊತೆ ಅವನನ್ನೂ ಕಳಿಸುತ್ತಿದ್ದೇವೆ.