ಪವಿತ್ರ ಗುರುವಾರದ ಹನ್ನೆರಡನೆಯ ಕುರ್ಚಿ

ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರದಂದು, ಯೇಸುಸ್ವಾಮಿ ಕಡೆಯ ಭೋಜನದಲ್ಲಿ ಶಿಷ್ಯರ ಪಾದ ತೊಳೆದ ನೆನಪಿಗಾಗಿ, ಸಂಜೆಯ ಬಲಿಪೂಜೆ ಎಂಬ ಚರ್ಚಿನ ಆರಾಧನೆಯಲ್ಲಿ ಗುರುಗಳು, ಎಂದರೆ ಪಾದ್ರಿಗಳು, ಪಾದ ತೊಳೆಯಬೇಕಾದ ಹನ್ನೆರಡು ಮಂದಿಯ ಪಟ್ಟಿ ಬರೆಯುವ ಕೆಲಸ ನಮ್ಮ ಧರ್ಮಕೇಂದ್ರದಲ್ಲಿ ಹಲವು ವರ್ಷ ನನ್ನದಾಗಿತ್ತು. ಮಲೆನಾಡಿನ ಕಾಫಿ ತೋಟಗಳ ನಡುವಿನ ಸಣ್ಣ ಚರ್ಚು ನಮ್ಮದು. ಹಿಂದೆಂದೋ ಮಂಗಳೂರು ಕಡೆಯಿಂದ ಬಂದು ತೋಟ, ಅಂಗಡಿ, ನೌಕರಿ ಎಂದು ನೆಲೆನಿಂತ ಕೊಂಕಣಿ ಮನೆಮಾತಿನ ಕುಟುಂಬಗಳು ಮುಂದಿನ ಬೆಂಚುಗಳಲ್ಲಿಯೂ, ತೋಟದ ಲೈನ್ ಮನೆಗಳಲ್ಲಿ ವಾಸಿಸುತ್ತ ತಮಿಳು ಕನ್ನಡ ಬೆರೆಸಿ ಮಾತನಾಡುವ ಕೂಲಿ ಕುಟುಂಬಗಳು ಬಾಗಿಲ ಬಳಿಯೂ ಕುಳಿತುಕೊಳ್ಳುವುದು ಯಾರೂ ಹೇಳಿಕೊಡದೆ ನಡೆದುಬಂದ ರೂಢಿ. ನನ್ನ ಪಟ್ಟಿಯೂ ಆ ಬೆಂಚುಗಳ ಕ್ರಮವನ್ನೇ ಅನುಸರಿಸುತ್ತಿತ್ತು. ಹಿಂದಿನ ವರ್ಷದ ಹಾಳೆಯನ್ನು ಎದುರಿಗಿಟ್ಟುಕೊಂಡು, ತೀರಿಕೊಂಡವರಿದ್ದರೆ ಆ ಜಾಗದಲ್ಲಿ ಅವರ ಮಗನ ಹೆಸರು ಬರೆದರೆ ಕೆಲಸ ಮುಗಿಯುತ್ತಿತ್ತು.

2016ರಲ್ಲಿ ಆ ಹಾಳೆ ಉಪಯೋಗಕ್ಕೆ ಬರಲಿಲ್ಲ. 1955ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಅವರು ಪವಿತ್ರ ವಾರದ ವಿಧಿಗಳನ್ನು ಪರಿಷ್ಕರಿಸಿದಾಗಿನಿಂದ ಪಾದ ತೊಳೆಯಿಸಿಕೊಳ್ಳುವವರು ಪುರುಷರೇ ಆಗಿರಬೇಕೆಂಬ ನಿಯಮವಿತ್ತು. ಪೋಪ್ ಫ್ರಾನ್ಸಿಸ್ ಅವರು 2013ರಲ್ಲಿ, ಆಯ್ಕೆಯಾದ ಕೆಲವೇ ದಿನಗಳಲ್ಲಿ, ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಹನ್ನೆರಡು ಮಂದಿ ಯುವಜನರ ಪಾದ ತೊಳೆದರು. ಅವರಲ್ಲಿ ಇಬ್ಬರು ಯುವತಿಯರಿದ್ದರು, ಮುಸ್ಲಿಮರೂ ಇದ್ದರು. 2016ರ ಜನವರಿಯಲ್ಲಿ ನಿಯಮವೇ ಬದಲಾಯಿತು. ಸ್ತ್ರೀಯರು, ಪುರುಷರು, ಎಳೆಯರು, ವೃದ್ಧರು, ಆರೋಗ್ಯವಂತರು, ರೋಗಿಗಳು ಎಲ್ಲರೂ ಸೇರಿ ದೇವಜನರ ಪ್ರತಿನಿಧಿಗಳಾಗಿ ಕುಳಿತುಕೊಳ್ಳಬಹುದೆಂದು ರೋಮಿನಿಂದ ಆದೇಶ ಬಂತು.

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸು ಕಾಲದಲ್ಲಿ ಸೇರಿದ, ಚರ್ಚಿನ ಆಡಳಿತದಲ್ಲಿ ನೆರವಾಗುವ ಪಾಲನಾ ಮಂಡಳಿಯ ಸಭೆಯಲ್ಲಿ ಗುರುಗಳು ಅದನ್ನು ಓದಿ ಹೇಳಿದಾಗ ಹಿರಿಯರೊಬ್ಬರು, ಹೆಂಗಸರ ಕಾಲನ್ನು ಸ್ವಾಮಿಗಳು ಮುಟ್ಟುವುದು ನಮ್ಮ ಕಡೆ ಚೆನ್ನಾಗಿ ಕಾಣುವುದಿಲ್ಲ ಎಂದರು. ಗುರುಗಳು ವಾದಕ್ಕಿಳಿಯದೆ, ನಾಲ್ವರು ಮಹಿಳೆಯರ ಹೆಸರು ಕೊಡಿ ಎಂದರು. ಮೂರು ಹೆಸರು ಕ್ಷಣದಲ್ಲಿ ಬಂದವು, ಮೂರೂ ಮುಂದಿನ ಬೆಂಚಿನವು. ನಾಲ್ಕನೆಯದಕ್ಕೆ ನಾವು ತಡವರಿಸುತ್ತಿದ್ದಾಗ ಗುರುಗಳು, “ಶನಿವಾರ ಚರ್ಚು ಗುಡಿಸುವವರು ಯಾರು?” ಎಂದು ಕೇಳಿದರು. ನಾನು ಪೆನ್ನು ಹಿಡಿದು ಸುಮ್ಮನೆ ಕುಳಿತೆ. ಇಪ್ಪತ್ತು ವರ್ಷಗಳಿಂದ ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದ ನನಗೆ ಅವರ ಹೆಸರು ಗೊತ್ತಿರಲಿಲ್ಲ. ಕುಟುಂಬಗಳ ದಾಖಲೆ ಪುಸ್ತಕವನ್ನು ತೆರೆದು ಹುಡುಕಿ ಬರೆಯಬೇಕಾಯಿತು. ಆ ಸಂಜೆಯ ನಾಚಿಕೆ ನನ್ನಲ್ಲಿ ಇಂದಿಗೂ ಇದೆ.

ಮರುದಿನ ಶಾಲೆ ಬಿಟ್ಟ ಮೇಲೆ ಲೈನ್ ಮನೆಗೆ ಹೋದೆ. ಮೆಣಸಿನ ಕೊಯ್ಲಿನ ಸಮಯವಾದ್ದರಿಂದ ಅವರು ಆಗತಾನೇ ತೋಟದಿಂದ ಬಂದು ಹೊಸ್ತಿಲ ಮೇಲೆ ಕಾಲು ಚಾಚಿ ಕುಳಿತಿದ್ದರು. ವಿಷಯ ತಿಳಿಸಿದೊಡನೆ ಎರಡೂ ಕಾಲುಗಳನ್ನು ಸೀರೆಯೊಳಗೆ ಎಳೆದುಕೊಂಡರು.

“ಬೇಡ ಟೀಚರಮ್ಮ. ಸ್ವಾಮಿಗಳ ಕಾಲಿಗೆ ನಾವು ಬೀಳ್ಬೇಕು. ಅವರ ಕೈಲಿ ನನ್ನ ಕಾಲು ಹಿಡಿಸ್ಕೊಂಡ್ರೆ ಆ ಪಾಪಾನ ಎಲ್ಲಿ ಕಳೀಲಿ?”

ನಾನು ಒತ್ತಾಯಿಸಲಿಲ್ಲ, ಒತ್ತಾಯಿಸುವ ಹಕ್ಕು ನನಗಿದೆ ಎಂದೂ ಅನ್ನಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ, “ರಾಯಪ್ಪನೋರೂ ಮೊದಲು ಬೇಡ ಅಂದ್ರಲ್ಲ?” ಎಂದರು. ಯೇಸುವಿನ ಶಿಷ್ಯರಾದ ಸಂತ ಪೇತ್ರರನ್ನು ಹಳಬರು ಕರೆಯುವ ಹೆಸರು ಅದು. ಹೌದು ಎಂದೆ. “ಯೇಸುಸ್ವಾಮಿ ಅವರಿಗೆ ಬೈದ್ರಲ್ಲ?” ಅದಕ್ಕೂ ಹೌದು ಎಂದೆ. ಓದಲು ಬಾರದ ಆಕೆ ಬಾಗಿಲ ಬಳಿಯ ನೆಲದ ಮೇಲೆ ಕುಳಿತು, ಆ ಪಾದ ತೊಳೆದ ಪ್ರಸಂಗವಿರುವ, ವರ್ಷಕ್ಕೊಮ್ಮೆ ಓದುವ ಬೈಬಲಿನ ಯೊವಾನ್ನನ ಶುಭಸಂದೇಶದ 13ನೆಯ ಅಧ್ಯಾಯವನ್ನು, ಅದನ್ನು ಕಣ್ಣೆದುರು ಹಿಡಿದು ಓದಿದ ನಮಗಿಂತ ಹತ್ತಿರದಿಂದ ಕೇಳಿಸಿಕೊಂಡಿದ್ದರು. ಬರುತ್ತೇನೆ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಕಾಲುಗಳನ್ನು ಮಾತ್ರ ಮೊದಲಿನಂತೆ ಚಾಚಿಕೊಂಡರು.

ಮಾರ್ಚ್ 24ರ ಸಂಜೆ ಮಹಿಮಾಗೀತೆಗೆ ಗಂಟೆಗಳು ಮೊಳಗಿ, ಇನ್ನು ಪಾಸ್ಖದ, ಎಂದರೆ ಈಸ್ಟರಿನ, ಹಿಂದಿನ ರಾತ್ರಿಯ ಜಾಗರಣೆಯವರೆಗೆ ಮೊಳಗದಂತೆ ನಿಂತವು. ಹನ್ನೊಂದು ಮಂದಿ ಬಂದು ಕುಳಿತರು. ಬಲಿಪೀಠದ ಕೆಳಗಿನ ಹನ್ನೆರಡನೆಯ ಕುರ್ಚಿ ಖಾಲಿಯಿತ್ತು. ಎಲ್ಲರೂ ಹಿಂದಿರುಗಿ ನೋಡುತ್ತಿರಲು, ದೊಡ್ಡಮ್ಮ ಬಾಗಿಲ ಬಳಿಯಿಂದ ಎದ್ದು, ಚರ್ಚಿನ ನಟ್ಟನಡುವೆ, ತಾವು ಎಷ್ಟೋ ಶನಿವಾರ ಗುಡಿಸಿದ ಹಾದಿಯಲ್ಲಿ ನಡೆದು ಬಂದರು.

ಗುರುಗಳು ಮೇಲಿನ ಪೂಜಾವಸ್ತ್ರವನ್ನು ತೆಗೆದಿಟ್ಟು ಸೊಂಟಕ್ಕೆ ಬಿಳಿಯ ಟವೆಲು ಸುತ್ತಿಕೊಂಡು ಒಬ್ಬೊಬ್ಬರ ಮುಂದೆಯೂ ಮಂಡಿಯೂರುತ್ತ ಬಂದರು. ಹನ್ನೊಂದು ಪಾದಗಳು ಮನೆಯಲ್ಲಿಯೇ ಸೋಪಿನಿಂದ ತೊಳೆಸಿಕೊಂಡು ಬಂದಿದ್ದವು. ಹನ್ನೆರಡನೆಯ ಪಾದದ ಹಿಮ್ಮಡಿಯಲ್ಲಿ ಆಳವಾದ ಬಿರುಕುಗಳಿದ್ದವು, ಎಷ್ಟು ಉಜ್ಜಿದರೂ ಹೋಗದ ತೋಟದ ಮಣ್ಣು ಆ ಬಿರುಕುಗಳಲ್ಲಿ ಕಪ್ಪು ಗೆರೆಗಳಾಗಿ ಉಳಿದಿತ್ತು, ಹೆಬ್ಬೆರಳಿಗೆ ಉಗುರಿರಲಿಲ್ಲ. ಬರುವ ಮೊದಲು ಕೊಬ್ಬರಿ ಎಣ್ಣೆ ಸವರಿಕೊಂಡಿದ್ದರೆಂದು ತೋರುತ್ತದೆ, ಹೊಯ್ದ ನೀರು ನಿಲ್ಲದೆ ಹನಿಹನಿಯಾಗಿ ಜಾರಿ ಬೋಗುಣಿಗೆ ಬಿತ್ತು. ಗುರುಗಳು ಎರಡನೆಯ ಸಲ ನೀರು ಹೊಯ್ದು, ಪಾದವನ್ನು ಅಂಗೈಯಲ್ಲಿ ಹಿಡಿದು, ಬಿರುಕುಗಳಿಗೆ ನೋವಾಗದಂತೆ ಒತ್ತಿ ಒರೆಸಿ, ಬಾಗಿ ಮುತ್ತಿಟ್ಟರು. ದೊಡ್ಡಮ್ಮ ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಗುರುಗಳು ಎದ್ದ ಮೇಲೆಯೇ ಅವರ ಕೈಗಳು ಸಡಿಲಗೊಂಡು ಜೋಡಿದವು.

ಆಕ್ಷೇಪಿಸಿದ ಹಿರಿಯರು ಅಂದು ಮನಸ್ಸು ಬದಲಿಸಿದರೆಂದು ನಾನು ಹೇಳಲಾರೆ. ಪಾಸ್ಖದ ಭಾನುವಾರ ಮುಂದಿನ ಬೆಂಚಿಗೆ ಬನ್ನಿ ಎಂದು ನಾನು ಕರೆದರೂ ದೊಡ್ಡಮ್ಮ, ಇಲ್ಲಿಯೇ ಗಾಳಿ ಚೆನ್ನಾಗಿ ಬರುತ್ತದೆ ಎಂದು ಬಾಗಿಲ ಬಳಿಯೇ ಕುಳಿತರು. ಆದರೆ ಅದಕ್ಕೂ ಮೊದಲು, ಆ ಗುರುವಾರದ ರಾತ್ರಿಯೇ, ಬಲಿಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯಾದ ಪರಮಪ್ರಸಾದವನ್ನು ಬದಿಯ ಪೀಠಕ್ಕೆ ಒಯ್ದು ಆರಾಧನೆ ನಡೆಯುತ್ತಿದ್ದಾಗ ಒಂದು ಸಂಗತಿ ನಡೆಯಿತು. ಸಾಮಾನ್ಯವಾಗಿ ಬೇಗನೆ ಹೊರಟುಬಿಡುತ್ತಿದ್ದ ಲೈನಿನ ಹೆಂಗಸರು ಅಂದು ಸಾಲಾಗಿ ಮೊಣಕಾಲೂರಿ ಉಳಿದಿದ್ದರು. ಹೊರಗೆ ಬಂದಾಗ ದೊಡ್ಡಮ್ಮ ನನ್ನ ತೋಳು ಮುಟ್ಟಿ, ಕತ್ತಲಲ್ಲಿ ನಿಂತಿದ್ದ ಒಬ್ಬಾಕೆಯನ್ನು ತೋರಿಸಿದರು.

“ಬರೋ ವರ್ಷಕ್ಕೆ ಇವಳ ಹೆಸರು ಬರ್ಕೊಳ್ಳಿ ಟೀಚರಮ್ಮ. ಹೆದರ್ತಾಳೆ, ನಾನು ಹೇಳ್ತೀನಿ ಬಿಡಿ.”

ನಾನು ಆಕೆಯ ಪೂರ್ತಿ ಹೆಸರನ್ನು ಕೇಳಿ, ಅಲ್ಲಿಯೇ ಟಾರ್ಚಿನ ಬೆಳಕಿನಲ್ಲಿ ಬರೆದುಕೊಂಡೆ.