ಸಾಲ್ವರ್‌ಗೆ ಕಂಡದ್ದು ಮೂರೇ ವರ್ಷ

ಪ್ಲಾಂಟ್‌ಗೆ ಹೋಗುವ ಅದಿರಿನ ಚಾರ್ಟ್‌ನಲ್ಲಿ ಮೊದಲ ಆರು ವರ್ಷದ ಕಂಬಗಳು ಒಂದೇ ಎತ್ತರಕ್ಕೆ ನಿಂತಿದ್ದವು. ಏಳನೆಯದು ಮಾತ್ರ ಅರ್ಧಕ್ಕೇ ಮೊಟಕಾಗಿತ್ತು. ಎಂಟನೆಯದೂ ಹಾಗೇ. ಒಂಬತ್ತರಿಂದ ಮತ್ತೆ ಸರಿ. ನಾನು ಮೈನ್ ಪ್ಲಾನಿಂಗ್‌ಗೆ ಸೇರಿ ಎರಡು ವರ್ಷವಾಗಿತ್ತು. ಇಡೀ ಗಣಿಯ ಆಯಸ್ಸಿನ, ಅಂದರೆ 14 ವರ್ಷದ ಶೆಡ್ಯೂಲನ್ನು ಒಬ್ಬನೇ ಕೂತು ಮಾಡಿದ್ದು ಅದೇ ಮೊದಲು.

ತೆರೆದ ಗಣಿಯ ಶೆಡ್ಯೂಲ್ ಅಂದರೆ ಏನು ಅಂತ ಎರಡು ಮಾತು ಹೇಳಿಬಿಡುತ್ತೇನೆ. ನೆಲವನ್ನು ಲಕ್ಷಾಂತರ ಬ್ಲಾಕ್‌ಗಳಾಗಿ ಕತ್ತರಿಸಿ, ಒಂದೊಂದರಲ್ಲೂ ಎಷ್ಟು ಗ್ರೇಡ್ (ಅದಿರಿನಲ್ಲಿ ಲೋಹದ ಪ್ರಮಾಣ) ಇದೆ, ತೆಗೆಯಲು ಎಷ್ಟು ಖರ್ಚು ಅಂತ ಬರೆದಿಟ್ಟಿರುತ್ತೇವೆ. ಗುಂಡಿಯ ಕೊನೆಯ ಆಕಾರ ಎಷ್ಟಿರಬೇಕು ಅಂತ ಕಂಡುಹಿಡಿಯುವ ಲರ್ಚ್ಸ್–ಗ್ರಾಸ್‌ಮನ್ ವಿಧಾನ 1965ರಲ್ಲೇ ಬಂದಿದೆ. ಅದು ಸುಲಭದ ಭಾಗ. ಯಾವ ಬ್ಲಾಕ್ ಯಾವ ವರ್ಷ ಅನ್ನುವುದು ಮಾತ್ರ ಬೇರೆಯೇ ಜಾತಿಯ ಲೆಕ್ಕ. ನಮ್ಮಲ್ಲಿ ಸುಮಾರು 4 ಲಕ್ಷ ಬ್ಲಾಕ್, 14 ವರ್ಷ. ಗುಣಿಸಿದರೆ 56 ಲಕ್ಷ ‘ಹೌದೋ ಅಲ್ಲವೋ’ ಪ್ರಶ್ನೆಗಳು. ಮೇಲಿನದನ್ನು ತೆಗೆಯದೆ ಕೆಳಗಿನದಕ್ಕೆ ಕೈ ಹಾಕುವಂತಿಲ್ಲ. ಷವೆಲ್, ಡಂಪರ್, ಪ್ಲಾಂಟ್ ಎಲ್ಲಕ್ಕೂ ವರ್ಷಕ್ಕಿಷ್ಟು ಅಂತ ಮಿತಿ ಬೇರೆ.

ಹಾಗಾಗಿ ಸಾಮಾನ್ಯವಾಗಿ ಯಾರೂ ಬ್ಲಾಕ್ ಬ್ಲಾಕಾಗಿ ಇಡೀ ಲೆಕ್ಕವನ್ನು ಸಾಲ್ವರ್ (ಇಂಥ ಲೆಕ್ಕಕ್ಕೆ ಒಳ್ಳೆಯ ಉತ್ತರ ಹುಡುಕುವ ಸಾಫ್ಟ್‌ವೇರ್) ಮುಂದೆ ಸುರಿಯುವುದಿಲ್ಲ. ಗುಂಡಿಯನ್ನು ಅಗಲಿಸುತ್ತಾ ಹೋಗುವ ಒಂದೊಂದು ಹಂತ ಪುಷ್‌ಬ್ಯಾಕ್, ಅದರಲ್ಲಿ ಮೆಟ್ಟಿಲಿನಂತೆ ಇಳಿಯುವ ಒಂದೊಂದು ಪದರ ಬೆಂಚ್. ಒಂದು ಪುಷ್‌ಬ್ಯಾಕ್‌ನ ಒಂದು ಬೆಂಚ್ ಅಂದರೆ ಒಂದು ತುಂಡು ಅಂತ ಗುಡ್ಡೆ ಹಾಕುತ್ತೇವೆ. ಅದೂ ಸಾಲದಿದ್ದರೆ ಸಾಫ್ಟ್‌ವೇರ್‌ನಲ್ಲಿ ಕಿಟಕಿ ಪದ್ಧತಿ ಇರುತ್ತದೆ. ಮೊದಲ ಮೂರು ವರ್ಷ ಮಾತ್ರ ನೋಡು, ಉತ್ತರ ಹುಡುಕು, ಒಂದನೇ ವರ್ಷವನ್ನು ಗಟ್ಟಿ ಮಾಡು, ಕಿಟಕಿಯನ್ನು ಒಂದು ವರ್ಷ ಮುಂದೆ ತಳ್ಳು. ನಾನು ಬೆಂಚ್‌ಗಳನ್ನು ಚಿಕ್ಕ ತುಂಡು ಮಾಡಿದ್ದೆ. ಚಿತ್ರ ಚೆನ್ನಾಗಿ ಬರಲಿ ಅಂತ. ರನ್ ನಿಧಾನವಾಯಿತು. ಆಗ ಕಿಟಕಿಯನ್ನು ಆರರಿಂದ ಮೂರು ವರ್ಷಕ್ಕೆ ಇಳಿಸಿದೆ. ರಾತ್ರಿಯಿಡೀ ಓಡುತ್ತಿದ್ದದ್ದು 40 ನಿಮಿಷಕ್ಕೆ ಬಂತು. ಕಾಫಿ ಕುಡಿದು ಬರುವಷ್ಟರಲ್ಲಿ ಉತ್ತರ ಸಿದ್ಧ. ಆ ದಿನ ನನಗೆ ನನ್ನ ಬಗ್ಗೆಯೇ ಸ್ವಲ್ಪ ಜಾಸ್ತಿ ಹೆಮ್ಮೆ ಇತ್ತು.

ಕಿಟಕಿಯ ಉದ್ದ ಇದ್ದದ್ದು ‘ಸರ್ಚ್’ ಅನ್ನೋ ಟ್ಯಾಬ್‌ನಲ್ಲಿ. ಟೈಮ್ ಲಿಮಿಟ್, ಗ್ಯಾಪ್, ಥ್ರೆಡ್‌ಗಳ ಸಂಖ್ಯೆ ಎಲ್ಲ ಅಲ್ಲೇ. ಪಕ್ಕಪಕ್ಕ ಕೂತ ಈ ಸೆಟ್ಟಿಂಗ್‌ಗಳೆಲ್ಲ ಒಂದೇ ಜಾತಿ ಅಂದುಕೊಂಡೆ. ವೇಗದ ಬಟನ್‌ಗಳು, ಗಣಿಗೂ ಇವಕ್ಕೂ ಸಂಬಂಧವಿಲ್ಲ ಅಂತ.

ಮೊಟಕಾದ ಕಂಬ ನೋಡಿದಾಗಲೂ ಅನುಮಾನ ಆ ಕಡೆ ಹೋಗಲಿಲ್ಲ. ಮೊದಲು ಗ್ರೇಡ್ ಮೇಲೆ ಗೂಬೆ ಕೂರಿಸಿದೆ. ಎರಡು ದಿನ ಬ್ಲಾಕ್ ಮಾಡೆಲ್ ತಿರುವಿ ಹಾಕಿದೆ, ಏನೂ ಸಿಗಲಿಲ್ಲ. ಆಮೇಲೆ ಪ್ಲಾಂಟ್‌ಗೆ ಪ್ರತಿ ವರ್ಷ ಇಷ್ಟಾದರೂ ಅದಿರು ಹೋಗಲೇಬೇಕು ಅಂತ ಕಡ್ಡಾಯ ಮಾಡಿದೆ. ಏಳನೇ ವರ್ಷಕ್ಕೆ ಬಂದು ಸಾಲ್ವರ್ ‘ಇನ್‌ಫೀಸಿಬಲ್’, ಅಂದರೆ ಸಾಧ್ಯವೇ ಇಲ್ಲ, ಅಂತ ಕೈ ಚೆಲ್ಲಿತು. ಸರಿ, ಅದಿರಿನ ಮೇಲಿರುವ ತ್ಯಾಜ್ಯ ಕಲ್ಲು ಸಾಕಷ್ಟು ತೆಗೆಯುತ್ತಿಲ್ಲ ಅನ್ನುವುದಂತೂ ಗೊತ್ತಾಯಿತು. ವರ್ಷಕ್ಕೆ ಇಷ್ಟು ಟನ್ ವೇಸ್ಟ್ ತೆಗೆಯಲೇಬೇಕು ಅಂತ ಇನ್ನೊಂದು ನಿಯಮ ಹಾಕಿದೆ. ಸಾಲ್ವರ್ ನಿಯಮ ಪಾಲಿಸಿತು. ಹೇಗೆ ಗೊತ್ತಾ? ಡಂಪ್‌ಗೆ (ವೇಸ್ಟ್ ಸುರಿಯುವ ಜಾಗಕ್ಕೆ) ತೀರಾ ಹತ್ತಿರದ, ಸಾಗಿಸಲು ಅಗ್ಗದ ಕಲ್ಲನ್ನೇ ಆರಿಸಿ ತೆಗೆದು ಟನ್ ಲೆಕ್ಕ ತುಂಬಿಸಿತು. ಆ ಕಲ್ಲಿನ ಕೆಳಗೆ ಮುಂದಿನ ಹತ್ತು ವರ್ಷದಲ್ಲಿ ಬೇಕಾಗುವ ಅದಿರು ಇರಲೇ ಇಲ್ಲ. ಹೇಳಿದಷ್ಟೇ ಮಾಡುವ ಕೆಲಸಗಾರನ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ?

ಕೊನೆಗೆ ನಮ್ಮ ಹಿರಿಯ ಪ್ಲಾನರ್ ಮೇಡಂ ಹತ್ತಿರ ಹೋದೆ. ಅವರು ಚಾರ್ಟ್ ನೋಡಲೇ ಇಲ್ಲ.

“ಏಳನೇ ವರ್ಷದ ಅದಿರು ಯಾವ ಪುಷ್‌ಬ್ಯಾಕ್‌ನಿಂದ ಬರಬೇಕು?”

“ನಾಲ್ಕನೆಯದರಿಂದ, ಮೇಡಂ.”

“ಅದರಲ್ಲಿ ಅದಿರು ಸಿಗೋಕೆ ಎಷ್ಟು ಬೆಂಚ್ ಇಳೀಬೇಕು?”

“ಇಪ್ಪತ್ತೆರಡು.”

“ವರ್ಷಕ್ಕೆ ಎಷ್ಟು ಬೆಂಚ್ ಇಳಿಯೋಕೆ ಬಿಟ್ಟಿದ್ದೀರಿ?”

“ಆರು.”

“ನಿಮ್ಮ ಕಿಟಕಿ?”

ಉತ್ತರ ಕೊಡುವ ಮೊದಲೇ ನನಗೆ ಅರ್ಥವಾಯಿತು. 22 ಬೆಂಚ್ ಇಳಿಯಲು ನಾಲ್ಕು ವರ್ಷ ಹತ್ತಿರ ಬೇಕು. ಏಳನೇ ವರ್ಷ ಅದಿರು ಬೇಕಾದರೆ ಮೂರನೇ ವರ್ಷ ಕೆಲಸ ಶುರುವಾಗಬೇಕು. ಮೂರನೇ ವರ್ಷದಲ್ಲಿ ನಿಂತ ಸಾಲ್ವರ್‌ಗೆ ಕಾಣುವುದು ಮೂರು, ನಾಲ್ಕು, ಐದು ಅಷ್ಟೇ. ಅದರ ಕಣ್ಣಿಗೆ ನಾಲ್ಕನೇ ಪುಷ್‌ಬ್ಯಾಕ್ ಬರೀ ಖರ್ಚು, ಆದಾಯ ಸೊನ್ನೆ. ಜೊತೆಗೆ ಡಿಸ್ಕೌಂಟ್ ರೇಟ್ (ಮುಂದಿನ ಹಣವನ್ನು ಇಂದಿನ ಲೆಕ್ಕಕ್ಕೆ ವರ್ಷ ವರ್ಷ ಇಳಿಸುವ ದರ) ಶೇ 10. ಇವತ್ತಿನ 100ರ ಖರ್ಚನ್ನು ನಾಲ್ಕು ವರ್ಷ ತಳ್ಳಿದರೆ ಇಂದಿನ ಲೆಕ್ಕದಲ್ಲಿ ಅದು ಸುಮಾರು 68. ತಳ್ಳದೆ ಇನ್ನೇನು ಮಾಡುತ್ತದೆ? ತಪ್ಪು ನಡೆದದ್ದು ಮೂರನೇ ವರ್ಷದಲ್ಲಿ. ಎರರ್ ತೋರಿಸಿದ್ದು ಏಳನೇ ವರ್ಷದಲ್ಲಿ. ನಾನು ಏಳರ ಸುತ್ತಲೇ ಟಾರ್ಚ್ ಹಿಡಿದು ತಿರುಗುತ್ತಿದ್ದೆ.

ಇದಕ್ಕಿಂತ ನಾಚಿಕೆಯ ವಿಷಯ ಇನ್ನೊಂದಿದೆ. ಹಿಂದಿನ ವಾರವೇ ಆ ಶೆಡ್ಯೂಲಿನ ಮೊದಲ ರೂಪ ತೋರಿಸುತ್ತಾ ನಾನು “ಗ್ಯಾಪ್ ಶೇ 0.3, ಇದಕ್ಕಿಂತ ಒಳ್ಳೆಯದು ಸಿಗೋದು ಕಷ್ಟ” ಅಂತ ಮೀಟಿಂಗ್‌ನಲ್ಲಿ ಹೇಳಿಬಿಟ್ಟಿದ್ದೆ. ಗ್ಯಾಪ್ ಅಂದರೆ ಕೈಯಲ್ಲಿರುವ ಉತ್ತರಕ್ಕೂ, ಇದಕ್ಕಿಂತ ಮೇಲೆ ಹೋಗಲು ಸಾಧ್ಯವೇ ಇಲ್ಲ ಅನ್ನುವ ಗೆರೆಗೂ ನಡುವಿನ ಅಂತರ. ಆದರೆ ಆ 0.3 ಒಂದೊಂದು ಕಿಟಕಿಯ ಒಳಗಿನ ಲೆಕ್ಕ. ಮೂರು ವರ್ಷದ ಮೂಗಿನ ನೇರಕ್ಕೆ ಅದು ಸರಿಯಾದ ಉತ್ತರವೇ. ಹದಿನಾಲ್ಕು ವರ್ಷದ ಬಗ್ಗೆ ಅದು ಒಂದಕ್ಷರವನ್ನೂ ಹೇಳಿರಲಿಲ್ಲ. ಮೇಡಂ ಹೇಳಿದಂತೆ ಪೂರ್ತಿ 14 ವರ್ಷದ ಲೆಕ್ಕವನ್ನು ‘ಹೌದು ಅಥವಾ ಅಲ್ಲ’ ಅನ್ನುವ ಷರತ್ತು ಸಡಿಲಿಸಿ ಓಡಿಸಿದೆ. ಅರ್ಧ ಬೆಂಚ್, ಕಾಲು ಬೆಂಚ್ ಎಲ್ಲ ತೆಗೆಯಬಹುದು ಅಂತ ಬಿಟ್ಟರೆ ಲೆಕ್ಕ ಬೇಗ ಮುಗಿಯುತ್ತದೆ. ಬರುವ ಮೌಲ್ಯ (ಇಡೀ ಗಣಿಯ ಲಾಭ, ಇಂದಿನ ಲೆಕ್ಕದಲ್ಲಿ) ನಿಜವಾದ ಯಾವ ಶೆಡ್ಯೂಲಿಗಿಂತಲೂ ಕಡಿಮೆ ಇರುವುದಿಲ್ಲ. ಅದೇ ನಮ್ಮ ಮೇಲಿನ ಗೆರೆ. ನನ್ನ ಶೆಡ್ಯೂಲ್ ಅದಕ್ಕಿಂತ ಶೇ 9 ಕೆಳಗಿತ್ತು.

ತಿದ್ದಿದ್ದು ಹೀಗೆ. ಕಿಟಕಿಯನ್ನು ಮತ್ತೆ ಆರು ವರ್ಷ ಮಾಡಿದೆ. ಅದರಾಚೆಯ ವರ್ಷಗಳನ್ನೂ ಪೂರ್ತಿ ಮುಚ್ಚಲಿಲ್ಲ. ಮೂರು ಮೂರು ವರ್ಷ ಸೇರಿಸಿ ಒಂದು ಮುದ್ದೆ ಮಾಡಿ, ಅಲ್ಲಿ ಮಾತ್ರ ಷರತ್ತು ಸಡಿಲ ಬಿಟ್ಟೆ. ದೂರದ್ದು ಮಸುಕಾಗಿ ಕಂಡರೂ ಸಾಕು, ಕಾಣಲೇಬೇಕು. ಕೈಯಾರೆ ಹಾಕಿದ್ದ ವೇಸ್ಟ್ ನಿಯಮವನ್ನು ಕಿತ್ತು ಹಾಕಿದೆ. ಮೂರನೇ ವರ್ಷದ ಮಧ್ಯದಲ್ಲಿ ನಾಲ್ಕನೇ ಪುಷ್‌ಬ್ಯಾಕ್ ತನ್ನಷ್ಟಕ್ಕೆ ತೆರೆದುಕೊಂಡಿತು. ಮೇಲಿನ ಗೆರೆಗೆ ಅಂತರ ಶೇ 2ರ ಹತ್ತಿರ ಬಂತು. ರನ್ ಮಾತ್ರ ಐದು ಗಂಟೆ.

ಒಂದೊಂದು ಕಿಟಕಿಯ ಗ್ಯಾಪ್ ಶೇ 1ಕ್ಕೆ ಇಳಿದರೆ ಹುಡುಕಾಟ ನಿಲ್ಲಿಸು ಅಂತ ಇಟ್ಟೆ. ಗುರೋಬಿ, ಸಿಪ್ಲೆಕ್ಸ್ ಅನ್ನುವ ಎರಡು ಸಾಲ್ವರ್‌ಗಳಲ್ಲೂ ಡೀಫಾಲ್ಟ್ ಶೇ 0.01. ಟೈಮ್ ಲಿಮಿಟ್‌ಗೆ ಇಂತಿಷ್ಟು ಅಂತ ಮಿತಿಯೇ ಇಲ್ಲ. ಸುಮ್ನೆ ಬಿಟ್ಟರೆ ವಾರಗಟ್ಟಲೆ ಅಗೆಯುತ್ತಾ ಕೂರಬಹುದು. ಗ್ರೇಡ್ ಅಂದಾಜೇ ಅಷ್ಟು ಕರಾರುವಾಕ್ಕಾಗಿ ಇರುವುದಿಲ್ಲ, ಆ ಕೊನೆಯ ಚೂರು ಯಾಕೆ ಬೇಕು? ಒಂದೇ ಒಂದು ಎಚ್ಚರ. ಗ್ಯಾಪ್ ಶೇ 1 ಇಟ್ಟು, ‘ಎ’ಗಿಂತ ‘ಬಿ’ ಪ್ಲಾನ್ ಶೇ 0.6 ಮೇಲು ಅಂತ ವರದಿ ಬರೆಯಬೇಡಿ. ರ‍್ಯಾಂಡಮ್ ಸೀಡ್ (ಹುಡುಕಾಟದ ದಾರಿ ಬದಲಿಸುವ ಒಂದು ಸಂಖ್ಯೆ) ಬದಲಿಸಿ ಇನ್ನೊಮ್ಮೆ ಓಡಿಸಿದರೆ ‘ಎ’ ಗೆಲ್ಲಬಹುದು. ಇದನ್ನೂ ನಾನು ಒಮ್ಮೆ ಮಾಡಿದ್ದೇನೆ, ಆ ಕಥೆ ಇಲ್ಲಿ ಬೇಡ.

ಮುಂದಿನ ಮೀಟಿಂಗ್‌ನಲ್ಲಿ ಮ್ಯಾನೇಜರ್ ಸರ್ ಕೇಳಿದ್ದು ಒಂದೇ ಪ್ರಶ್ನೆ. “ಮೊದಲು 40 ನಿಮಿಷ ಅಂದಿದ್ರಿ, ಈಗ ಐದು ಗಂಟೆ ಅಂತೀರಿ. ಕಡಿಮೆ ಮಾಡೋಕಾಗಲ್ವಾ?” ಆಗುತ್ತೆ ಸರ್ ಅಂದೆ. ಚಿಕ್ಕದಾಗಿ ಕತ್ತರಿಸಿದ್ದ ಬೆಂಚ್‌ಗಳನ್ನು ಮತ್ತೆ ಸೇರಿಸಿ ದೊಡ್ಡ ತುಂಡು ಮಾಡಿದೆ. ಎರಡು ಗಂಟೆಗೆ ಬಂತು. ಚಿತ್ರ ಮೊದಲಿನಷ್ಟು ಚೆನ್ನಾಗಿರಲಿಲ್ಲ, ಏಳನೇ ಕಂಬ ಮಾತ್ರ ಉಳಿದವುಗಳ ಎತ್ತರಕ್ಕೇ ನಿಂತಿತ್ತು.