ಕಡಲೆಕಾಯಿಯ ಸೀಮೆಯವನು ಪರಿಷೆಗೆ ಸಿಕ್ಕಿದ್ದು

ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಹೊಸತು. ಭಾನುವಾರ ಚಾಮರಾಜಪೇಟೆಯ ಗೆಳೆಯನ ಮನೆಯಲ್ಲಿ ಊಟ ಮುಗಿಸಿ, ಗಾಂಧಿ ಬಜಾರಿನಲ್ಲಿ ಕಾಫಿ ಕುಡಿಯೋಣವೆಂದು ಒಬ್ಬನೇ ನಡೆದುಕೊಂಡು ಹೊರಟಿದ್ದೆ. ರಾಮಕೃಷ್ಣ ಆಶ್ರಮದ ವೃತ್ತಕ್ಕೆ ಬರುವಷ್ಟರಲ್ಲಿ ಪೊಲೀಸರು ಅಡ್ಡಗಟ್ಟೆ ಇಟ್ಟು ಆಟೊಗಳನ್ನು ವಾಪಸು ಕಳಿಸುತ್ತಿದ್ದರು. ಯಾರೋ ಮಂತ್ರಿ ಬರುತ್ತಿರಬೇಕು ಎಂದುಕೊಂಡೆ. ನಡೆಯುವವರಿಗೆ ತಡೆ ಇರಲಿಲ್ಲ. ಬುಲ್ ಟೆಂಪಲ್ ರಸ್ತೆಗೆ ಕಾಲಿಟ್ಟು ನಾಲ್ಕು ಹೆಜ್ಜೆ ಹಾಕಿದೆನೋ ಇಲ್ಲವೋ, ಚಪ್ಪಲಿಯ ಕೆಳಗೆ ಚರಚರ ಸದ್ದು. ರಸ್ತೆಯುದ್ದಕ್ಕೂ ಕಡಲೆಕಾಯಿ ಸಿಪ್ಪೆ.

ಇಬ್ಬದಿಗೂ ರಾಶಿಗಳು. ಹಸಿಯದು, ಹುರಿದದ್ದು, ಉಪ್ಪು ಹಾಕಿ ಬೇಯಿಸಿದ್ದು. ಕೆಮ್ಮಣ್ಣು ಮೆತ್ತಿಕೊಂಡೇ ಇರುವ ಕಾಯಿ ಒಂದು ಕಡೆ, ತೊಳೆದು ಒಣಗಿಸಿದ ಕಾಯಿ ಇನ್ನೊಂದು ಕಡೆ. ನಾಟಿ, ಬಾದಾಮಿ, ಸಾಮ್ರಾಟ್ ಎಂದು ಕೂಗುತ್ತಿದ್ದರು. ನಮ್ಮ ಹೊಲದಲ್ಲಿ ಬೆಳೆಯುವುದು ಟಿಎಂವಿ-2 ಎಂಬ ತಳಿ. ಗಿಡ್ಡ ಗಿಡ, ಸಣ್ಣ ಕಾಯಿ, ಸಾಮಾನ್ಯವಾಗಿ ಒಳಗೆ ಎರಡೇ ಬೀಜ. ಇಲ್ಲಿ ಮೂರು ಬೀಜದ ಉದ್ದ ಕಾಯಿಗಳಿಗೇ ಮರ್ಯಾದೆ.

ನಾನು ಚಳ್ಳಕೆರೆ ಸೀಮೆಯವನು. ಎಣ್ಣೆ ಗಿರಣಿಗಳಿಂದ ಹೆಸರಾದ ಊರು ಅದು. ಮಳೆ ಮಾತ್ರ ರಾಜ್ಯದಲ್ಲೇ ತೀರಾ ಕಡಿಮೆ ಬೀಳುವ ಕಡೆಗಳಲ್ಲಿ ಒಂದು. ಮನೆಯಲ್ಲಿ ಕಡಲೆಕಾಯಿ ಎಂದರೆ ತಿನ್ನುವ ವಸ್ತು ಎಂಬ ಭಾವನೆ ನನಗೆ ಎಂದೂ ಬಂದಿರಲಿಲ್ಲ. ಆಷಾಢದ ಮೋಡ ನೋಡುತ್ತಾ ಬಿತ್ತುವುದು, ಹೂವು ಕಂತಿ ಸೂಜಿಯಂಥ ಕುಡಿ ಮಣ್ಣಿಗಿಳಿಯುವ ಹೊತ್ತಿಗೆ ಮಳೆ ಕೈಕೊಡುವುದು, ಉಳಿದ ಬಳ್ಳಿ ಕಿತ್ತು ದನಗಳಿಗೆ ಒಟ್ಟುವುದು, ಚೀಲ ಹೊಲಿದು ಮಂಡಿಗೆ ಹೊತ್ತು ಕ್ವಿಂಟಲಿಗೆ ಎಷ್ಟು ಎಂದು ಕಾಯುವುದು. ಮನೆಯ ಮಾತೆಲ್ಲ ದರದ್ದೇ. ಕಾಯಿ ಗಿರಣಿಗೆ ಹೋದ ಮೇಲೆ ಅದನ್ನು ಯಾರು ಬಾಯಿಗೆ ಹಾಕಿಕೊಳ್ಳುತ್ತಾರೆ ಎಂದು ಯಾರೂ ಕೇಳಿದವರಲ್ಲ. ಇಲ್ಲಿ ನೋಡಿದರೆ ರೇಷ್ಮೆ ಸೀರೆಯ ಅಜ್ಜಿಯರು, ಕಾಲೇಜು ಹುಡುಗರು, ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡ ಅಪ್ಪಂದಿರು, ಎಲ್ಲರೂ ರಾಶಿಗೆ ಕೈ ಹಾಕುತ್ತಾರೆ, ಒಂದು ಕಾಯಿ ಒಡೆಯುತ್ತಾರೆ, ಅಗಿಯುತ್ತಾರೆ, ಮುಂದಿನ ಅಂಗಡಿಗೆ ಹೋಗುತ್ತಾರೆ. ರುಚಿ ನೋಡುವ ನೆಪದಲ್ಲಿಯೇ ಅರ್ಧ ಸೇರು ಖರ್ಚಾಗುತ್ತದೆ. ಮಾರುವವರೂ ಬೇಡವೆನ್ನುವುದಿಲ್ಲ. ಮಂಡಿಯಲ್ಲಿ ನಮ್ಮ ಚೀಲಕ್ಕೆ ಹೀಗೆ ಕೈಹಾಕುವ ದಲ್ಲಾಳಿಯನ್ನು ಕಂಡರೆ ಅಪ್ಪನ ಹುಬ್ಬು ಗಂಟಾಗುತ್ತಿತ್ತು. ಇಲ್ಲಿ ನನಗೆ ವಿಚಿತ್ರವಾದ ಹೆಮ್ಮೆಯೇ ಆಯಿತು.

ಕಾರ್ತಿಕ ಮಾಸದ ಕೊನೆಯ ಸೋಮವಾರ ಪರಿಷೆ. ಜನ ಮಾತ್ರ ಎರಡು ದಿನ ಮೊದಲೇ ಸೇರುತ್ತಾರಂತೆ. ದೊಡ್ಡ ಬಸವಣ್ಣನ ಗುಡಿಯ ಸಾಲಿನಲ್ಲಿ ನನ್ನ ಮುಂದಿದ್ದ ಹಿರಿಯರು ಕೇಳದೆಯೇ ಕಥೆ ಹೇಳಿದರು. ಸುಂಕೇನಹಳ್ಳಿ, ಗವೀಪುರ, ಮಾವಳ್ಳಿ ಎಲ್ಲ ಆಗ ಹೊಲಗಳೇ. ರಾತ್ರಿ ಬಂದು ಕಡಲೆಕಾಯಿ ಮೇಯುತ್ತಿದ್ದ ಗೂಳಿಯನ್ನು ರೈತರು ಅಟ್ಟಿಸಿಕೊಂಡು ಬಂದಾಗ ಅದು ಗುಡ್ಡದ ಮೇಲೆ ಕಲ್ಲಾಯಿತು. ಕಲ್ಲಾದ ಮೇಲೂ ಬೆಳೆಯುತ್ತಲೇ ಇತ್ತು, ನೆತ್ತಿಗೆ ಕಬ್ಬಿಣದ ಗೂಟ ಹೊಡೆದ ಮೇಲೆ ನಿಂತಿತು. ಅಂದಿನಿಂದ ಮೊದಲ ಫಸಲು ಬಸವಣ್ಣನಿಗೆ. ಗುಡಿ ಕಟ್ಟಿಸಿದವನು ಕೆಂಪೇಗೌಡ, ಅಂದರೆ ಹದಿನಾರನೆಯ ಶತಮಾನ. ಕಡಲೆಕಾಯಿಯೋ ದಕ್ಷಿಣ ಅಮೆರಿಕದ ಬೆಳೆ, ಪೋರ್ಚುಗೀಸರ ಹಡಗಿನ ಕಾಲದಲ್ಲಿ ಈ ಕಡೆಗೆ ಬಂದದ್ದು. ಇಷ್ಟು ಬೇಗ ಈ ಗುಡ್ಡದ ಬುಡಕ್ಕೆ ಹೇಗೆ ತಲುಪಿತು ಎಂದು ಕೇಳುವ ಚಪಲವಾಯಿತು. ಹಿರಿಯರ ಉತ್ಸಾಹ ನೋಡಿ ನಾಲಿಗೆ ಕಚ್ಚಿಕೊಂಡೆ. ಅದಿರಲಿ, ಬೆಳೆ ಕಳೆದುಕೊಂಡ ರೈತನ ಸಿಟ್ಟು ಆ ಕಥೆಯಲ್ಲಿ ಅಪ್ಪಟ ನಿಜ. ನಮ್ಮ ಹೊಲವನ್ನು ರಾತ್ರಿಯೆಲ್ಲ ಉತ್ತುಹಾಕುವವು ಕಾಡುಹಂದಿಗಳು. ಅವುಗಳಿಗೆ ಗುಡಿ ಕಟ್ಟುವ ಉದಾರತೆ ನಮ್ಮೂರಿನಲ್ಲಿ ಇನ್ನೂ ಯಾರಿಗೂ ಬಂದಿಲ್ಲ.

ಒಳಗೆ ಒಂದೇ ಬಂಡೆಯಲ್ಲಿ ಕಡೆದ ಬಸವಣ್ಣ, ಎಣ್ಣೆ ಕುಡಿದು ಕುಡಿದು ಕರ್ರಗೆ ಹೊಳೆಯುತ್ತಿದ್ದಾನೆ. ಹದಿನೈದು ಅಡಿ ಎತ್ತರವೆಂದು ಕೇಳಿದ್ದರೂ ಎದುರಿಗೆ ನಿಂತರೆ ಅದಕ್ಕಿಂತ ದೊಡ್ಡದೆನಿಸುತ್ತದೆ, ಗರ್ಭಗುಡಿಯನ್ನೆಲ್ಲ ಅವನೇ ತುಂಬಿಕೊಂಡಿರುವುದರಿಂದ ಇರಬೇಕು. ನೂಕುನುಗ್ಗಲಿನಲ್ಲಿ ನನಗೆ ಸಿಕ್ಕಿದ್ದು ಅರೆಗಳಿಗೆಯ ದರ್ಶನ. ದೊಡ್ಡ ಗಣಪತಿಯ ಸಾಲು ಇನ್ನೂ ಉದ್ದವಿತ್ತು, ಹೊರಗಿನಿಂದಲೇ ಕೈಮುಗಿದೆ.

ಇಳಿದು ಬರುವಾಗ ಕಹಳೆ ಬಂಡೆಯ ಹತ್ತಿರ ಒಬ್ಬ ಹೆಂಗಸಿನ ರಾಶಿಯ ಮುಂದೆ ನಿಂತೆ. ಸಣ್ಣ ಕಾಯಿ, ಎರಡು ಬೀಜ, ನಮ್ಮ ಕಡೆಯದರಂತೆಯೇ ಇತ್ತು. ನಿಮ್ಮ ಹೊಲದ್ದೇ ಎಂದು ಕೇಳಿದೆ. ಆಕೆ ನಕ್ಕರು. ಕನಕಪುರದ ಕಡೆಯವರಂತೆ, ಹೊಲವಿಲ್ಲ. ಮಂಡಿಯಲ್ಲಿ ಚೀಲ ಕೊಂಡು ಪರಿಷೆಗೆ ತರುತ್ತಾರೆ, ಉಳಿದ ದಿನಗಳಲ್ಲಿ ಹೂವಿನ ವ್ಯಾಪಾರ. ಸುತ್ತಲಿನ ಅಂಗಡಿಯವರಲ್ಲಿಯೂ ಹೆಚ್ಚಿನವರು ಹಾಗೆಯೇ ಎಂದರು. ರೈತರ ಪರಿಷೆ ಎಂಬ ಮಾತನ್ನು ಸ್ವಲ್ಪ ಸಡಿಲಿಸಿಯೇ ಹೇಳಬೇಕಾಗುತ್ತದೆ. ಆದರೆ ಯಾವ ಕಾಯಿ ಜೊಳ್ಳು, ಯಾವುದು ಗಟ್ಟಿ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ಹೇಳುವುದರಲ್ಲಿ ಆಕೆ ನಮ್ಮಪ್ಪನಿಗೆ ಸರಿಸಾಟಿ.

ಸೇರಿಗೆ ಐವತ್ತು ರೂಪಾಯಿ. ಚೌಕಾಸಿ ಮಾಡಲು ಬಾಯಿ ಬರಲಿಲ್ಲ. ಜೀವಮಾನವಿಡೀ ದರ ಏರಲಿ ಎಂದು ಹರಸಿದ ಮನೆಯವನು ಇಳಿಸಿ ಎಂದು ಹೇಗೆ ಕೇಳಲಿ? ಎರಡು ಸೇರು ಅಳೆದು, ಮೇಲೊಂದು ಹಿಡಿ ಕೊಸರು ಹಾಕಿದರು. ಪ್ಲಾಸ್ಟಿಕ್ ಚೀಲ ಕೊಡುವುದಿಲ್ಲವೆಂದದ್ದರಿಂದ ಗೆಳೆಯನ ಮನೆಯಿಂದ ಸಾರಿನ ಡಬ್ಬಿ ತಂದಿದ್ದ ಬಟ್ಟೆಯ ಕೈಚೀಲಕ್ಕೇ ಸುರಿಸಿಕೊಂಡೆ.

ರಸ್ತೆ ಬದಿಗೆ ಸರಿದು ಅಪ್ಪನಿಗೆ ಫೋನ್ ಮಾಡಿ, ಶೇಂಗಾ ಕೊಂಡೆ ಎಂದೆ. ದುಡ್ಡು ಕೊಟ್ಟೇ? ಎಂದರು. ಆಮೇಲೆ ಸೇರಿಗೆ ಎಷ್ಟು, ಹಸಿಯೋ ಒಣಗಿದ್ದೋ, ಎಂಥ ಸೇರು ಎಂದೆಲ್ಲ ವಿಚಾರಿಸಿ, ಆಚೆಯಿಂದ ಕ್ವಿಂಟಲಿನ ಲೆಕ್ಕಕ್ಕೆ ಇಳಿದರು. ಲೆಕ್ಕ ಮುಗಿಯುವಷ್ಟರಲ್ಲಿ ಅವರ ದನಿ ಏರಿತ್ತು. ಬರುವ ವರ್ಷ ಒಂದು ಲಾರಿ ಮಾಡಿಕೊಂಡು ನಾವೇ ಬಂದು ಕೂತರೆ ಹೇಗೆ, ಆ ಜಾಗಕ್ಕೆ ಬಾಡಿಗೆ ಎಷ್ಟು ಕೇಳುತ್ತಾರೆ, ಈಗಲೇ ಹೋಗಿ ವಿಚಾರಿಸು ಎಂದರು.